ಕಾರ್ಮೊರಂಟ್ ದ್ವೀಪದಲ್ಲಿ ಎರಡು ದಿನ

ಪ್ರವಾಸವೆಂದರೆ ನಮಗೆ ಬಹುಕಾಲದವರೆಗೆ ತೀರ್ಥಯಾತ್ರೆಯೆಂದೇ ಅರ್ಥವಾಗಿದ್ದಿತು. ಗೋಕರ್ಣ, ಕಾಶಿ, ರಾಮೇಶ್ವರಗಳನ್ನು ಮುಗಿಸಿದ ಮೇಲೆ ನೋಡತಕ್ಕುದು ಇನ್ನೇನೂ ಉಳಿಯಲಿಲ್ಲವೆಂದು ತಿಳಿದು, ಉಪಾಧ್ಯಾಯವೃತ್ತಿಯಿಂದ ನಿವೃತ್ತರಾಗಿ ಕರಾವಳಿಯ ನಮ್ಮ ಮನೆಯ ಜಗುಲಿಯಲ್ಲಿ ಸುಮ್ಮನೆ ಕುಳಿತಿದ್ದೆವು. ಹೀಗಿರಲು, ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನೆಲಸಿರುವ ನಮ್ಮ ಮಗನು ಬೇಸಗೆಯ ಎರಡು ತಿಂಗಳ ಮಟ್ಟಿಗೆ ನಮ್ಮನ್ನೂ ನಮ್ಮ ಮನೆಯಾಕೆಯನ್ನೂ ಕರೆಯಿಸಿಕೊಂಡನು. ಆ ನಗರದ ಸೌಧಗಳನ್ನೂ ಅಂಗಡಿಬೀದಿಗಳನ್ನೂ ವರ್ಣಿಸಿ ವಾಚಕರ ಕಾಲವನ್ನು ಕಳೆಯಲು ಇಷ್ಟವಿಲ್ಲ. ಅವುಗಳ ಚಿತ್ರಗಳು ಈಗ ಎಲ್ಲರ ಕೈಯಲ್ಲಿಯೂ ಇವೆ. ಹೇಳಬೇಕೆಂದಿರುವುದು ಅಲ್ಲಿಂದ ವಾಯುವ್ಯಕ್ಕಿರುವ ಒಂದು ಪುಟ್ಟ ದ್ವೀಪದ ಸಂಗತಿ.

ನಗರದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಒಂದು ದಿನ, ಅಲ್ಲಿಯ ಮೂಲನಿವಾಸಿಗಳು ಕೆತ್ತಿದ ಮರದ ಸ್ತಂಭಗಳನ್ನು ನೋಡುತ್ತ ನಿಂತಿದ್ದೆವು. ಒಂದೊಂದು ಸ್ತಂಭದಲ್ಲಿಯೂ ಹದ್ದು, ಕರಡಿ, ತಿಮಿಂಗಿಲಗಳು ಒಂದರ ತಲೆಯ ಮೇಲೊಂದು ಕುಳಿತು ನಮ್ಮನ್ನೇ ದುರುಗುಟ್ಟಿ ನೋಡುವಂತಿದ್ದವು. ಮನೆಯಾಕೆಯು ಬಹಳ ಹೊತ್ತು ನೋಡಿ, “ಇವನ್ನು ಕೆತ್ತಿದವರ ಮಕ್ಕಳು ಮೊಮ್ಮಕ್ಕಳು ಈಗ ಏನು ಮಾಡುತ್ತಿದ್ದಾರೆ?” ಎಂದು ಕೇಳಿದಳು. ನಮಗೆ ತಿಳಿಯದು, ಮಗನಿಗೂ ತಿಳಿಯದು. ಹೋಗಿ ನೋಡಿಯೇ ಬರೋಣವೆಂದು ಅವನು ನಾಲ್ಕು ದಿನಗಳ ರಜೆಯನ್ನು ಪಡೆದನು.

ವ್ಯಾಂಕೂವರ್ ನಗರವು ಭೂಖಂಡದ ಅಂಚಿನಲ್ಲಿದೆ. ವ್ಯಾಂಕೂವರ್ ದ್ವೀಪವೆಂಬುದು ಅದರ ಎದುರಿಗೆ ಸಮುದ್ರದಲ್ಲಿ ನೀಳವಾಗಿ ಮಲಗಿರುವ ಬೇರೆಯೇ ಒಂದು ಭೂಭಾಗ. ಮೋಟಾರುಗಾಡಿಯನ್ನೇ ಹಡಗಿನ ಹೊಟ್ಟೆಯೊಳಕ್ಕೆ ನಡೆಸಿ, ನನೈಮೊ ಎಂಬ ಊರಿಗೆ ದಾಟಿ, ಅಲ್ಲಿಂದ ಉತ್ತರಾಭಿಮುಖವಾಗಿ ಹಗಲೆಲ್ಲ ಪ್ರಯಾಣಮಾಡಿ ಸಂಜೆಗೆ ಪೋರ್ಟ್ ಮ್ಯಾಕ್‌ನೀಲ್ ಎಂಬ ರೇವನ್ನು ಸೇರಿದೆವು. ದಾರಿಯುದ್ದಕ್ಕೂ ಕಾಡು, ನಮ್ಮ ಘಟ್ಟದ ಕಾಡಿನಂತೆ ಬಳ್ಳಿ ಪೊದೆಗಳ ಗೊಂದಲವಿಲ್ಲ, ನೆಟ್ಟಗೆ ನಿಂತ ಮೌನವಾದ ಕಾಡು. ಮರುದಿನ ಬೆಳಿಗ್ಗೆ ಮತ್ತೊಂದು ಚಿಕ್ಕ ಹಡಗು. ಮುಕ್ಕಾಲು ಗಂಟೆಯಲ್ಲಿ ಮಂಜಿನೊಳಗಿನಿಂದ ಕಾರ್ಮೊರಂಟ್ ದ್ವೀಪವು ಕಾಣಿಸಿತು. ಅದರಲ್ಲಿರುವ ಗ್ರಾಮವೇ ಅಲರ್ಟ್ ಬೇ. ಎರಡೂ ಬ್ರಿಟಿಷ್ ಯುದ್ಧನೌಕೆಗಳ ಹೆಸರುಗಳು. ಅಲ್ಲಿಯ ನಮ್ಗೀಸ್ ಜನರು ಮಾತ್ರ ತಮ್ಮ ಊರನ್ನು ಯಲೀಸ್ ಎಂದೇ ಕರೆಯುವರು. ಇವರು, ಕ್ವಾಕ್ವಾಲಾ ಎಂಬ ಭಾಷೆಯನ್ನಾಡುವ ಅನೇಕ ಕುಲಗಳಲ್ಲಿ ಒಂದು ಕುಲದವರು.

ರೇವಿನಿಂದ ಸ್ವಲ್ಪ ದೂರದಲ್ಲಿ ರಸ್ತೆಯ ಪಕ್ಕಕ್ಕೇ ರುದ್ರಭೂಮಿ. ಸತ್ತವರ ನೆನಪಿಗೆ ನಿಲ್ಲಿಸಿದ ಬಣ್ಣದ ಸ್ತಂಭಗಳು ಹುಲ್ಲಿನ ನಡುವೆ ನಿಂತಿವೆ. ಒಳಕ್ಕೆ ಕಾಲಿಡದೆ ರಸ್ತೆಯಿಂದಲೇ ನೋಡಬೇಕೆಂಬುದು ನಿಯಮ. ಕೆಲವು ಬಹಳ ಹಳೆಯವಾಗಿ ಒರಗಿವೆ. ಬಿದ್ದುದನ್ನು ಮತ್ತೆ ಎತ್ತಿ ನಿಲ್ಲಿಸುವುದಿಲ್ಲವಂತೆ, ಮಣ್ಣಿಗೆ ಮರಳಲು ಬಿಡುವರಂತೆ. ದಡದ ರಸ್ತೆಯಲ್ಲಿ ಊರಿನ ಇನ್ನೊಂದು ಬದಿಗೆ ನಡೆದರೆ ಉಮಿಸ್ತ ಎಂಬ ಸಾಂಸ್ಕೃತಿಕ ಮಂದಿರವಿದೆ. ಅದರ ಪಕ್ಕದಲ್ಲಿ ಬರಿದಾದ ಒಂದು ವಿಶಾಲ ಸ್ಥಳ. ೧೯೨೯ರಿಂದ ೧೯೭೪ರವರೆಗೆ ಅಲ್ಲಿ ಇಟ್ಟಿಗೆಯ ಭಾರಿ ಕಟ್ಟಡದಲ್ಲಿ ಸೇಂಟ್ ಮೈಕೇಲ್ ಎಂಬ ವಸತಿಶಾಲೆ ನಡೆಯುತ್ತಿದ್ದಿತು. ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ, ಅವರ ನುಡಿಯನ್ನೂ ನಡೆಯನ್ನೂ ಮರೆಯಿಸಿ ಹೊಸದಾಗಿ ತಿದ್ದಬೇಕೆಂಬ ಶಾಲೆಗಳ ಪೈಕಿ ಅದೊಂದು. ೨೦೧೫ರಲ್ಲಿ ಅದನ್ನು ಕೆಡವಿದರು. ನಾವು ಉಪಾಧ್ಯಾಯರು, ಶಾಲೆಯೊಂದನ್ನು ಕೆಡವಿದ ಸುದ್ದಿಯನ್ನು ಕೇಳಿ ಸಮಾಧಾನಪಟ್ಟುದು ನಮ್ಮ ಆಯುಸ್ಸಿನಲ್ಲಿ ಇದೊಂದೇ ಸಲ.

ಮಂದಿರದ ಬಾಗಿಲಲ್ಲಿ ಹದಿನೇಳು ಹದಿನೆಂಟು ವರ್ಷದ ಒಬ್ಬ ಹುಡುಗಿ “ಗಿಲಕಸ್‌ಲಾ” ಎಂದು ನಮ್ಮನ್ನು ಸ್ವಾಗತಿಸಿದಳು. ಅವಳು ಅಲ್ಲಿಯ ಬೇಸಗೆಯ ಅಭ್ಯಾಸಿ. ನಮ್ಮ ಕಡೆಯ ಕಚೇರಿಗಳಲ್ಲಿ ಹಿಂದೆ ಉಮೇದುವಾರರೆಂದು ಇರುತ್ತಿದ್ದರಲ್ಲವೆ, ಅಂತಹರು. ಆದರೆ ನಮ್ಮ ಉಮೇದುವಾರರಿಗೆ ಸಂಬಳವಿರುತ್ತಿರಲಿಲ್ಲ, ಇವಳಿಗೆ ಉಂಟು. ಶಾಲೆಗೆ ರಜೆಯಿರುವ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಊರಿನ ಕೆಲವು ಹುಡುಗ ಹುಡುಗಿಯರು ಇಲ್ಲಿ ಸೇರಿ, ಬಂದವರಿಗೆ ವಸ್ತುಗಳನ್ನು ತೋರಿಸಿ ಕಥೆಯನ್ನು ಹೇಳುವರು. ಉಳಿದ ಹೊತ್ತಿನಲ್ಲಿ ಹಿರಿಯರ ಬಳಿ ಸೀಡರ್ ಮರದ ನಾರನ್ನು ಹೆಣೆಯುವುದನ್ನೂ, ಗುಂಡಿಗಳನ್ನು ಸಾಲಾಗಿ ಹೊಲಿದು ಕುಲಚಿಹ್ನೆಯನ್ನು ಮೂಡಿಸುವ ಕಂಬಳಿಯ ಕೆಲಸವನ್ನೂ, ಹಾಡು ಕುಣಿತಗಳನ್ನೂ ಕಲಿಯುವರು.

ಅವಳು ಹೇಳಿದ ಕಥೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ. ನಾಮಕರಣ, ವಿವಾಹ, ಮರಣ, ಸ್ತಂಭಪ್ರತಿಷ್ಠೆ ಮುಂತಾದ ನಿಮಿತ್ತಗಳಲ್ಲಿ ಈ ಜನರು ಪಾಟ್‌ಲಾಚ್ ಎಂಬ ಉತ್ಸವವನ್ನು ನಡೆಸುವರು. ಬೇರೆ ಬೇರೆ ಗ್ರಾಮದವರನ್ನು ಕರೆದು, ವಂಶದ ಕಥೆಯನ್ನು ಹಾಡಿ ಕುಣಿದು ತೋರಿಸಿ, ಬಂದವರೆಲ್ಲರಿಗೂ ಉಡುಗೊರೆಗಳನ್ನು ಹಂಚುವರು. ಉಡುಗೊರೆಯನ್ನು ಸ್ವೀಕರಿಸಿದವನು ನಡೆದುದಕ್ಕೆ ಸಾಕ್ಷಿಯಾದನು. ಬರವಣಿಗೆಯಿಲ್ಲದ ಕಾಲದಿಂದ ಆ ಸಾಕ್ಷಿಗಳೇ ಅವರ ದಸ್ತಾವೇಜು. ಎಷ್ಟು ಕೊಟ್ಟರೆ ಅಷ್ಟು ಮನೆತನದ ಮಾನ. ಇದು ಸರ್ಕಾರಕ್ಕೂ ಪಾದ್ರಿಗಳಿಗೂ ದುಂದಾಗಿ ಕಂಡಿತು. ೧೮೮೪ರಲ್ಲಿ ಶಾಸನವನ್ನು ಮಾಡಿ ಮುಂದಿನ ವರ್ಷದಿಂದ ಅದನ್ನು ನಿಷೇಧಿಸಿದರು. ಇದನ್ನು ಕೇಳುತ್ತಿದ್ದಾಗ ನಮಗೆ ರಘುವಂಶದ ಐದನೆಯ ಸರ್ಗವು ನೆನಪಾಗದೆ ಇರಲಿಲ್ಲ. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು, ಬಂದ ಕೌತ್ಸನಿಗೆ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದ ಆ ರಘುಮಹಾರಾಜನನ್ನು ನಾವು ತರಗತಿ ತರಗತಿಗೂ ಕೊಂಡಾಡಿದ್ದೇವೆ. ಅವನು ಅಲರ್ಟ್ ಬೇಯಲ್ಲಿ ಹುಟ್ಟಿದ್ದರೆ ಸೆರೆಮನೆಗೆ ಹೋಗಬೇಕಾಗುತ್ತಿದ್ದಿತು!

೧೯೨೧ನೆಯ ಡಿಸೆಂಬರಿನಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬವರು, ಅಧಿಕಾರಿಗಳ ಕಣ್ಣಿಗೆ ಬೀಳದಿರಲೆಂದು ವಿಲೇಜ್ ಐಲೆಂಡ್ ಎಂಬ ಬೇರೊಂದು ದ್ವೀಪದಲ್ಲಿ ದೊಡ್ಡ ಪಾಟ್‌ಲಾಚನ್ನು ನಡೆಸಿದರು. ಸುದ್ದಿ ತಿಳಿಯಿತು. ನಲವತ್ತೈದು ಮಂದಿಯ ಮೇಲೆ ಮೊಕದ್ದಮೆ. ಅಪರಾಧಗಳು ಯಾವುವು ಗೊತ್ತೆ? ಭಾಷಣ ಮಾಡಿದುದು, ಕುಣಿದುದು, ಉಡುಗೊರೆಗಳನ್ನು ಹೊತ್ತು ತಂದುದು. ಇಪ್ಪತ್ತು ಮಂದಿ ಸ್ತ್ರೀಪುರುಷರು ಎರಡು ಮೂರು ತಿಂಗಳ ಕಾಲ ಓಕಾಲಾ ಸೆರೆಮನೆಯಲ್ಲಿದ್ದರು. ಉಳಿದವರಲ್ಲಿ ಅನೇಕರು ಮುಖವಾಡ, ಗಿಲಕಿ, ಸಿಳ್ಳು, ತಾಮ್ರದ ಫಲಕ ಮೊದಲಾದುವನ್ನು ಒಪ್ಪಿಸಿ ಬಿಡುಗಡೆ ಪಡೆಯಬೇಕಾಯಿತು. ಒಪ್ಪಿಸಿದುದನ್ನು ಚರ್ಚಿನ ಸಭಾಭವನದಲ್ಲಿ ಹರವಿ, ಪ್ರವೇಶಧನವನ್ನು ತೆಗೆದುಕೊಂಡು ಜನರಿಗೆ ತೋರಿಸಿದರು; ಆಮೇಲೆ ಒಟ್ಟಾವಾ, ಟೊರಾಂಟೊ, ನ್ಯೂಯಾರ್ಕುಗಳ ಸಂಗ್ರಹಗಳಿಗೆ ಸಾಗಿಸಿದರು. ೧೯೫೧ರಲ್ಲಿ ಹೊಸ ಶಾಸನವನ್ನು ಬರೆಯುವಾಗ ಆ ನಿಷೇಧವನ್ನು ಸದ್ದಿಲ್ಲದೆ ಬಿಟ್ಟುಬಿಟ್ಟರು. ವಸ್ತುಗಳನ್ನು ಮರಳಿ ಪಡೆಯುವ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಅದೇ ಡ್ಯಾನ್ ಕ್ರ್ಯಾನ್ಮರರ ಮಗಳು, ಮಾನವಶಾಸ್ತ್ರಜ್ಞೆ ಗ್ಲೋರಿಯಾ ಕ್ರ್ಯಾನ್ಮರ್ ವೆಬ್‌ಸ್ಟರ್ ಒಬ್ಬರು. ೧೯೮೦ರಲ್ಲಿ ಈ ಮಂದಿರವು ತೆರೆಯಿತು. ಶತ್ರುಗಳು ಸೆರೆಹಿಡಿದು ಒಯ್ದವರು ಮರಳಿ ಮನೆಗೆ ಬಂದರೆ ಅವರಿಗೆ ‘ಉಮಿಸ್ತ’ವಾಯಿತೆಂದು ಹಿಂದೆ ಹೇಳುತ್ತಿದ್ದರಂತೆ, ಅದೇ ಈ ಮಂದಿರದ ಹೆಸರು. ವಸ್ತುಗಳು ಒಂದೊಂದಾಗಿ ಇನ್ನೂ ಬಂದವು. ಫ್ರೆಂಚ್ ಕವಿ ಆಂದ್ರೆ ಬ್ರೆತೋನರ ಸಂಗ್ರಹದಲ್ಲಿದ್ದ ಒಂದು ಶಿರೋಭೂಷಣವನ್ನು ಅವರ ಮಗಳು ೨೦೦೩ರಲ್ಲಿ ತಾನಾಗಿ ತಂದೊಪ್ಪಿಸಿದಳು.

ಆ ಶಿರೋಭೂಷಣದ ಜಾತಿಯ ಹೆಸರನ್ನು ಹುಡುಗಿ ಉಚ್ಚರಿಸಿದಳು. ಮಗ್ಗುಲಲ್ಲಿ ನಾರು ಹೆಣೆಯುತ್ತಿದ್ದ ಒಬ್ಬ ವೃದ್ಧೆಯು ತಲೆಯೆತ್ತದೆಯೇ ಅದನ್ನು ತಿದ್ದಿ ಹೇಳಿದಳು. ಹುಡುಗಿ ಮತ್ತೆ ಹೇಳಿದಳು. ವೃದ್ಧೆ ಮತ್ತೆ ತಿದ್ದಿದಳು. ಮೂರನೆಯ ಸಲ ಸರಿಯಾಯಿತೆಂದು ತೋರುತ್ತದೆ, ಏಕೆಂದರೆ ವೃದ್ಧೆ ಸುಮ್ಮನಾದಳು. ನಮ್ಮ ಗುರುಗಳ ಪದ್ಧತಿಯೂ ಇದೇ ಆಗಿದ್ದಿತು. ಶಹಬಾಸ್ ಎಂಬ ಮಾತು ಅವರ ಬಾಯಿಂದ ಬಂದುದಿಲ್ಲ. ಆ ಪದದ ನಡುವೆ ನಾಲಗೆಯ ಬುಡದಿಂದ ಉಸಿರು ಉಜ್ಜಿ ಬರುವ ಒಂದು ಧ್ವನಿ. ಸಂಸ್ಕೃತವನ್ನು ಕಲಿತವರಿಗೆ ಇದು ಅಪರಿಚಿತವಲ್ಲ: ವಿಸರ್ಗದ ಮುಂದೆ ಕಕಾರ ಖಕಾರಗಳು ಬಂದಾಗಿನ ಜಿಹ್ವಾಮೂಲೀಯವು ಹೆಚ್ಚುಕಡಿಮೆ ಹೀಗೆಯೇ. ನಮ್ಮಲ್ಲಿ ಅದನ್ನು ವ್ಯಾಕರಣದಲ್ಲಿ ಓದುವವರು ಬಹಳ, ನುಡಿಯುವವರು ವಿರಳ. ಉತ್ಸಾಹದಿಂದ ನಾವೂ ಆ ಪದವನ್ನು ನುಡಿಯಹೋಗಿ ಸೋತೆವು. ವೃದ್ಧೆಯು ಮೊದಲ ಬಾರಿಗೆ ತಲೆಯೆತ್ತಿ ನಕ್ಕಳು. ಕ್ವಾಕ್ವಾಲಾ ನುಡಿಯನ್ನು ನಿರರ್ಗಳವಾಗಿ ಆಡಬಲ್ಲವರಲ್ಲಿ ಹೆಚ್ಚಿನವರು ಇಂತಹ ಹಿರಿಯರೇ. ಒಬ್ಬರು ತೀರಿಕೊಂಡರೆ ಒಂದು ಪಾಠಶಾಲೆ ಮುಚ್ಚಿದ ಹಾಗೆ.

ಒಳಗಣ ದೊಡ್ಡ ಕೊಠಡಿಯಲ್ಲಿ ಮರಳಿ ಬಂದ ಮುಖವಾಡಗಳಿವೆ. ಕೆಲವಕ್ಕೆ ಮಾರುದ್ದದ ಕೊಕ್ಕು. ದಾರವನ್ನು ಜಗ್ಗಿದರೆ ಕೊಕ್ಕು ತೆರೆದು ಫಟ್ಟೆಂದು ಮುಚ್ಚುವುದಂತೆ. ಆದರೆ ಒಂದಕ್ಕೂ ಗಾಜಿನ ಪೆಟ್ಟಿಗೆಯಿಲ್ಲ. ಕಾರಣವನ್ನು ಕೇಳಿದೆವು. ಬಹಳ ಕಾಲ ಬೀಗದೊಳಗೆ ಇದ್ದವು, ಇನ್ನು ಬೇಡವೆಂದು ಹಿರಿಯರು ತೀರ್ಮಾನಿಸಿದರೆಂದು ಹುಡುಗಿ ಹೇಳಿದಳು.

ಬೀಗವೆಂಬ ಮಾತು ನಮ್ಮನ್ನು ಎಲ್ಲಿಗೋ ಒಯ್ದಿತು. ಮೂವತ್ತು ವರ್ಷಗಳ ಹಿಂದೆ ನಾವು ಕರಾವಳಿಯ ಒಂದು ಪ್ರೌಢಶಾಲೆಯಲ್ಲಿದ್ದೆವು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ. ತಂದೆ ಬಯಲಾಟದ ಮೇಳದಲ್ಲಿ ವೇಷಧಾರಿ. ಮೇಳದ ತಿರುಗಾಟದ ದಿನಗಳಲ್ಲಿ ಹುಡುಗನೂ ರಾತ್ರಿ ಬಾಲವೇಷ ಕಟ್ಟಿ ಕುಣಿದು, ಹಗಲು ನಮ್ಮ ಶಬ್ದರೂಪಗಳ ನಡುವೆ ನಿದ್ದೆಹೋಗುತ್ತಿದ್ದನು. ಒಂದು ದಿನ ಅವನ ಚೀಲದಲ್ಲಿ ಗೆಜ್ಜೆಗಳು ಸದ್ದು ಮಾಡಿದುವು. ಅವುಗಳನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಮೂರನೆಯ ದಿನ ತಂದೆ ಬಂದನು. ವಿದ್ಯೆಯ ಮಹತ್ತ್ವವನ್ನು ಕುರಿತು ಅವನಿಗೆ ಅರ್ಧ ಗಂಟೆ ಉಪದೇಶ ಮಾಡಿದೆವು. ಅವನು ಕೈಮುಗಿದು, “ಆಗಲಿ ಮಾಸ್ತರೇ” ಎಂದು ಹೊರಟುಹೋದನು. ಗೆಜ್ಜೆಯ ಮಾತನ್ನೇ ಎತ್ತಲಿಲ್ಲ. ಹುಡುಗನು ಯುಗಾದಿಯ ಮೇಲೆ ಶಾಲೆಗೆ ಬರಲಿಲ್ಲ. ನಮಗೆ ವರ್ಗವಾಯಿತು. ಗೆಜ್ಜೆಗಳು ಕಪಾಟಿನಲ್ಲಿಯೇ ಉಳಿದುವು. ಇದನ್ನು ನಾವು ಈವರೆಗೆ ಯಾರ ಮುಂದೆಯೂ ಹೇಳಿದುದಿಲ್ಲ. ಮನೆಯಾಕೆಗೆ ಹೇಳಿದುದು ಆ ದಿನ, ಆ ಮುಖವಾಡಗಳ ಮುಂದೆ.

ಮಧ್ಯಾಹ್ನ ಊರಿನ ಮಹಾಗೃಹದಲ್ಲಿ ನೃತ್ಯವಿದ್ದಿತು. ೧೯೬೩ರಲ್ಲಿ ಕಟ್ಟಿದ ಹಿಂದಿನ ಗೃಹವನ್ನು ೧೯೯೭ರಲ್ಲಿ ಯಾರೋ ಬೆಂಕಿಯಿಟ್ಟು ಸುಟ್ಟರು. ಊರವರು ಎರಡೇ ವರ್ಷದಲ್ಲಿ ಮತ್ತೆ ಕಟ್ಟಿದರು. ಕೆತ್ತಿದ ಭಾರಿ ಕಂಬಗಳು, ಮಣ್ಣಿನ ನೆಲ, ನಡುವೆ ಉರಿಯುವ ಕೊರಡುಗಳು. ಹಿಂದುಗಡೆ ಟೊಳ್ಳು ಮಾಡಿದ ಒಂದು ಉದ್ದನೆಯ ದಿಮ್ಮಿಯ ಸುತ್ತ ಗಾಯಕರು ಕುಳಿತು ಕೋಲುಗಳಿಂದ ತಾಳ ಹಾಕುವರು. ತ್ಸಸಲಾ ಎಂಬ ತಂಡದವರು ಬೇಸಗೆಯಲ್ಲಿ ಪ್ರವಾಸಿಗಳ ಮುಂದೆ ಕುಣಿಯುವರು. ತಂಡದಲ್ಲಿ ಮಕ್ಕಳೇ ಬಹಳ. ಬೆಳಿಗ್ಗೆ ಕಥೆ ಹೇಳಿದ ನಮ್ಮ ಹುಡುಗಿಯೂ ಗುಂಡಿಕಂಬಳಿಯನ್ನು ಹೊದ್ದು ಸಾಲಿನಲ್ಲಿದ್ದಳು. ನಾಲ್ಕು ವರ್ಷದ ಒಬ್ಬ ಪೋರನು ತಿರುಗುವ ಕಡೆ ತಿರುಗದೆ ಬೆಂಕಿಯನ್ನೇ ನೋಡುತ್ತ ನಿಂತನು. ಅವಳು ಕುಣಿಯುತ್ತಲೇ ಬಂದು ಮೊಣಕೈಯಿಂದ ಅವನನ್ನು ದಾರಿಗೆ ಹಚ್ಚಿದಳು. ಕೊನೆಗೆ ಶಾಂತಿನೃತ್ಯ. ಶಿರೋಭೂಷಣದ ಮೇಲ್ಗಡೆ ತುಂಬಿದ ಹದ್ದಿನ ನವಿರು, ಕುಣಿಯುವವನು ತಲೆ ಕೊಡಹಿದಾಗಲೆಲ್ಲ ಹಾರಿ, ಹೊಗೆಯ ಬೆಳಕಿನಲ್ಲಿ ತೇಲಿ ಎಲ್ಲರ ಮೇಲೆಯೂ ಇಳಿಯಿತು. ಮನೆಯಾಕೆಯ ಸೀರೆಯ ಸೆರಗಿನಲ್ಲಿ ಒಂದು ನವಿರು ಸಿಕ್ಕಿಕೊಂಡಿತು. ಅವಳು ಅದನ್ನು ತೆಗೆಯಲಿಲ್ಲ.

ಹಣ ಕೊಟ್ಟು ಬಂದವರ ಮುಂದೆ ಕುಲದ ನೃತ್ಯವನ್ನು ಕುಣಿಯುವುದು ಸರಿಯೆ ಎಂಬ ಸಂದೇಹವು ನಮ್ಮನ್ನು ಬಾಧಿಸಿತು. ಮರುದಿನ ಹುಡುಗಿಯನ್ನೇ ಕೇಳಿದೆವು. ಪ್ರತಿಯೊಂದು ಹಾಡೂ ನೃತ್ಯವೂ ಒಂದೊಂದು ಮನೆತನದ ಸೊತ್ತು. ಹೊರಗಿನವರಿಗೆ ಯಾವುದನ್ನು ತೋರಿಸಬಹುದೆಂದು ಮನೆತನದವರು ಒಪ್ಪಿರುವರೋ ಅದನ್ನು ಮಾತ್ರ ತೋರಿಸುವುದು. ಉಳಿದುದು ನಿಜವಾದ ಪಾಟ್‌ಲಾಚಿನಲ್ಲಿ, ಎಂದಳು. ತಾನು ಇಲ್ಲಿ ಈ ಕೆಲಸವಿಲ್ಲದಿದ್ದರೆ ಬೇಸಗೆಯಲ್ಲಿ ಹೊರಗೆಲ್ಲೋ ಅಂಗಡಿಯಲ್ಲಿ ದುಡಿಯಬೇಕಾಗುತ್ತಿದ್ದಿತೆಂದೂ ಹೇಳಿದಳು. ಇದೇ ಮುಖ್ಯ ಸಂಗತಿ. ಸಾಲ್ಮನ್ ಮೀನಿನಿಂದ ಬೆಳೆದ ಊರು ಅದು. ಮೀನುಗಾರಿಕೆ ಕುಗ್ಗಿ, ತರುಣರು ಕೆಲಸವನ್ನು ಅರಸಿ ಹೊರಗೆ ಹೋಗುವರು. ಅಜ್ಜಿಯ ಬಳಿ ಕುಳಿತು ನಾರು ಹೆಣೆಯುವವನಿಗೆ ಹೊಟ್ಟೆಗೂ ಏನಾದರೂ ದೊರೆಯಬೇಕಷ್ಟೆ. ಇಂತಹ ಬೇಸಗೆಯ ಕೆಲಸಗಳ ಸಂಬಳದಲ್ಲಿ ಒಂದು ಭಾಗವನ್ನು ಭರಿಸುವ ಯೋಜನೆಗಳು ಕೆನಡಾ ಸರ್ಕಾರದಲ್ಲಿವೆ. ಕುಣಿದವರನ್ನು ಸೆರೆಗೆ ಹಾಕಿದ ಸರ್ಕಾರವೇ ಈಗ ಕುಣಿಯಲು ಕಲಿಯುವವರಿಗೆ ಸಂಬಳ ಕೊಡುವುದು! ಎರಡು ತಿಂಗಳು ಏನೇನೂ ಸಾಲದು. ನಮ್ಮ ಗುರುಕುಲದ ಹನ್ನೆರಡು ವರ್ಷಗಳೆಲ್ಲಿ, ಇದೆಲ್ಲಿ? ಸೆಪ್ಟೆಂಬರು ಬಂದೊಡನೆ ಮಕ್ಕಳು ಶಾಲೆಗೆ, ಕಾಲೇಜಿಗೆ, ಬೇರೆ ಊರಿಗೆ.

ನಾರಿನ ವಿಷಯವನ್ನು ಹೇಳದೆ ಬಿಡಲಾಗದು. ಮರದಲ್ಲಿ ರಸವೇರುವ ಋತುವಿನಲ್ಲಿ ಕಾಡಿಗೆ ಹೋಗಿ, ಮರಕ್ಕೆ ಕೃತಜ್ಞತೆಯನ್ನು ಹೇಳಿ, ಬುಡದಲ್ಲಿ ಕಚ್ಚು ಮಾಡಿ, ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ಸುಲಿಯುವರು. ಹೆಚ್ಚು ಸುಲಿದರೆ ಮರ ಸಾಯುವುದು. ಒಳತೊಗಟೆಯನ್ನು ಬೇರ್ಪಡಿಸಿ, ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ನೀರಿನಲ್ಲಿ ನೆನೆಯಿಸಿ ಸೀಳಿ ಹೆಣೆಯುವರು. ಈ ಬೇಸಗೆಯಲ್ಲಿ ಹುಡುಗಿ ಹೆಣೆಯುತ್ತಿದ್ದುದು ಹಿಂದಿನ ಬೇಸಗೆಯಲ್ಲಿ ಬೇರೊಬ್ಬ ಅಭ್ಯಾಸಿಯು ಸುಲಿದು ಒಣಗಿಸಿದ ನಾರಂತೆ. ಈಗ ಇವಳು ಸುಲಿದುದು ಮುಂದೆ ಬರುವವರಿಗೆ.

ಊರಿಗೆ ಮರಳಿದ ಮೇಲೆ ಆ ಪ್ರೌಢಶಾಲೆಗೆ ಪತ್ರ ಬರೆದೆವು. ಹಳೆಯ ಕಪಾಟುಗಳನ್ನು ಎಷ್ಟೋ ವರ್ಷಗಳ ಹಿಂದೆಯೇ ಹರಾಜು ಹಾಕಿದರೆಂದು ಈಗಿನ ಮುಖ್ಯೋಪಾಧ್ಯಾಯರು ವಿನಯದಿಂದ ಉತ್ತರ ಕೊಟ್ಟರು. ವೇಷಧಾರಿಯಾದ ತಂದೆ ಈಗಿಲ್ಲ. ಹುಡುಗನು—ನಲವತ್ತು ದಾಟಿದವನನ್ನು ಹುಡುಗನೆನ್ನುವುದು ನಮ್ಮ ವೃತ್ತಿದೋಷ—ಮುಂಬಯಿಯಲ್ಲಿ ಒಂದು ಉಪಾಹಾರಗೃಹದಲ್ಲಿರುವನಂತೆ. ಅವನ ವಿಳಾಸವನ್ನು ನೆರೆಯವರಿಂದ ತರಿಸಿಕೊಂಡಿದ್ದೇವೆ. ಮನೆಯಾಕೆಯು ದಿನವೂ ಕೇಳುತ್ತಾಳೆ, “ಬರೆದಿರಾ?” ಎಂದು. ಕಾಗದವು ಮೇಜಿನ ಮೇಲೆಯೇ ಇದೆ. ಅವನನ್ನು ಏನೆಂದು ಸಂಬೋಧಿಸಬೇಕೆಂಬುದು ಇನ್ನೂ ತೋಚಿಲ್ಲ.