ಗಾಳಿಗೆ ದಾರಿ ಬಿಟ್ಟ ಗೋಡೆಗಳು

ತಿರುವನಂತಪುರದ ರೈಲು ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ, ತಂಪಾನೂರು ಬಸ್ ನಿಲ್ದಾಣದ ಮಗ್ಗುಲಲ್ಲೇ ಕೆಂಪು ಬಣ್ಣದ ಒಂದು ಗುಂಡು ಕಟ್ಟಡ ಕಣ್ಣಿಗೆ ಬೀಳುತ್ತದೆ. ಅದು ಇಂಡಿಯನ್ ಕಾಫಿ ಹೌಸ್. ನೆಲವೇ ಸುರುಳಿಯಾಗಿ ಮೇಲೇರುತ್ತದೆ. ಹೊರಗೋಡೆಯ ಉದ್ದಕ್ಕೂ ಕಟ್ಟಿಯೇ ಕೂರಿಸಿದ ಮೇಜು, ಬೆಂಚುಗಳು. ಗೋಡೆಯ ಕಿಂಡಿಗಳಿಂದ ತೂರಿಬರುವ ಗಾಳಿ. ಕರ್ನಾಟಕದಿಂದ ಅಧ್ಯಯನ ಪ್ರವಾಸಕ್ಕೆ ಹೋಗುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕಾಫಿ ತರಿಸಿಕೊಂಡು, ಅದು ಆರಿಹೋಗುವವರೆಗೂ ಟೇಪು ಹಿಡಿದು ಇಳಿಜಾರು ಅಳೆಯುತ್ತಾರೆ.

ಇದನ್ನು ಕಟ್ಟಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, 1945ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆಗಿಹೋದವರು. 1990ರಲ್ಲಿ ಪದ್ಮಶ್ರೀ ಬಂತು, 2007ರಲ್ಲಿ ತೀರಿಕೊಂಡರು. ಸುತ್ತಮುತ್ತ ಸಿಗುವ ಸಾಮಾನಿನಲ್ಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತನ್ನು ಅವರು ಕೊನೆಯವರೆಗೂ ಪಾಲಿಸಿದರು.

ಅವರ ಕೆಲಸವನ್ನು ಸರಿಯಾಗಿ ನೋಡಬೇಕಾದರೆ ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ಗೆ ಹೋಗಬೇಕು (ಮುಂಚೆಯೇ ಪತ್ರ ಬರೆದು ಅನುಮತಿ ಪಡೆಯುವುದು ಲೇಸು). 1970ರ ದಶಕದ ಆರಂಭದಲ್ಲಿ ಗುಡ್ಡದ ಇಳಿಜಾರನ್ನು ಸಮತಟ್ಟು ಮಾಡದೆ, ಮರ ಸಿಕ್ಕಲ್ಲಿ ಗೋಡೆಯನ್ನೇ ಬಳಸಿಕೊಂಡು ಹೋಗುವಂತೆ ಕಟ್ಟಿದ ಆವರಣವಿದು. ಗೋಡೆಗಳಿಗೆ ಗಿಲಾವು ಇಲ್ಲ. ಕಿಟಕಿಯ ಬದಲು ಇಟ್ಟಿಗೆಯ ಜಾಲಂಧ್ರಗಳು.

ಬೇಕರ್ ಬಳಕೆಗೆ ತಂದ 'ಇಲಿಬೋನು' ಕಟ್ಟಣೆಯನ್ನು ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಳ್ಳುತ್ತಾರೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದರೆ ಗೋಡೆಯೊಳಗೆ ಟೊಳ್ಳು ಉಳಿಯುತ್ತದೆ. ಸುಮಾರು ಶೇ. 25ರಷ್ಟು ಇಟ್ಟಿಗೆ ಉಳಿತಾಯ. ಒಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಹೈಸ್ಕೂಲಿನ ಉಷ್ಣವಾಹಕದ ಪಾಠ ಇಲ್ಲಿ ಗೋಡೆಯಾಗಿ ನಿಂತಿದೆ. ಅವರ ತಾರಸಿಯೂ ಹಾಗೆಯೇ. ಭಾರ ಬಿದ್ದಾಗ ಆರ್‌ಸಿಸಿ ಚಪ್ಪಡಿಯ ಮೇಲ್ಭಾಗ ಕುಗ್ಗುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗುವ ಕಡೆ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಅದರ ಜಾಗದಲ್ಲಿ ಬೇಕರ್ ಹಳೆಯ ಮಂಗಳೂರು ಹೆಂಚುಗಳನ್ನು ಇಟ್ಟುಬಿಟ್ಟರು! ನಮ್ಮ ಕರಾವಳಿಯ ಹೆಂಚು ಕೇರಳದ ತಾರಸಿಯ ಹೊಟ್ಟೆಯೊಳಗೆ ಕೂತಿರುವುದನ್ನು ಕಂಡರೆ ಮಂಗಳೂರಿನ ಕಡೆಯವರಿಗೆ ಖುಷಿಯಾಗದೆ ಇರದು.

ಸಿಮೆಂಟು ಕಡಿಮೆ ಮಾಡುವುದು ಬರೀ ದುಡ್ಡಿನ ಲೆಕ್ಕವಲ್ಲ. ಶುದ್ಧ ಸುಣ್ಣಕಲ್ಲು 100 ಕೆ.ಜಿ. ಸುಟ್ಟರೆ 44 ಕೆ.ಜಿ. ಇಂಗಾಲದ ಡೈ ಆಕ್ಸೈಡು ಕಲ್ಲಿನಿಂದಲೇ ಹೊರಬೀಳುತ್ತದೆ. ಗೂಡಿಗೆ ಹಾಕಿದ ಕಲ್ಲಿದ್ದಲಿನದು ಬೇರೆ.

ಆದರೆ ನೋಡಿದವರೆಲ್ಲ ಒಪ್ಪುವುದಿಲ್ಲ. ಜಾಲಂಧ್ರದಿಂದ ಗಾಳಿಯ ಜೊತೆ ಸೊಳ್ಳೆಯೂ ಬರುವುದಲ್ಲ ಎಂಬುದು ಹಾಸ್ಟೆಲಿನಲ್ಲಿರುವವರ ತಕರಾರು. ಚುರುಕಾದ ಹುಡುಗರು ಇನ್ನೂ ಮುಂದೆ ಹೋಗುತ್ತಾರೆ: ಇಟ್ಟಿಗೆಗೆ ಗದ್ದೆಯ ಮಣ್ಣು ಬೇಕು, ಸುಡಲು ಸೌದೆ ಬೇಕು, ಇದು ಪರಿಸರಸ್ನೇಹಿ ಹೇಗೆ? ನ್ಯಾಯವಾದ ಪ್ರಶ್ನೆ. ಇದಕ್ಕೊಂದು ಉತ್ತರ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ಶೇ. 6–8ರಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನು ಬೆಳೆಸಿದರು. ಮಕ್ಕಳು ತಿರುವನಂತಪುರದವರೆಗೆ ಹೋಗಿ ಬಂದು ಇದನ್ನು ನೋಡದೆ ಉಳಿಯುವುದೂ ಉಂಟು!

ಕಟ್ಟಡ ನಿರ್ಮಾಣ ಓದುವವರ ಚಿಂತೆ ಮತ್ತೊಂದು. ಇಲಿಬೋನು ಕಟ್ಟಣೆಗೆ ಕೈ ಪಳಗಿದ ಮೇಸ್ತ್ರಿ ಬೇಕು, ಮೂಲೆ ಮತ್ತು ಕಿಟಕಿಯ ಅಂಚುಗಳಲ್ಲಿ ಗಟ್ಟಿಯಾಗಿಯೇ ಕಟ್ಟಬೇಕು. ಸಾಲದ್ದಕ್ಕೆ ಆರ್ಕಿಟೆಕ್ಟರ ಶುಲ್ಕ ಸಾಮಾನ್ಯವಾಗಿ ಕಟ್ಟಡದ ವೆಚ್ಚದ ಇಂತಿಷ್ಟು ಪಾಲು. ಖರ್ಚು ಇಳಿಸಿದಷ್ಟೂ ತಮ್ಮ ಸಂಪಾದನೆಯೇ ಇಳಿಯುತ್ತದೆ ಎಂಬುದು ಮೂರನೇ ವರ್ಷದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಪಠ್ಯದಲ್ಲಿ ಮಾತ್ರ ಈ ವಿಷಯ ಬರುವುದಿಲ್ಲ.

ನಿಜವಾದ ಪರೀಕ್ಷೆ ಮನೆಯಲ್ಲಿ. ದಾವಣಗೆರೆಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಪ್ರವಾಸ ಮುಗಿಸಿ ಬಂದಾಗ ತಂದೆ ಹೊಸ ಮನೆಗೆ ಪಾಯ ತೆಗೆಸಿದ್ದರು.

"ಅಪ್ಪಾ, ಹೊರಗಡೆ ಗಿಲಾವು ಬೇಡ, ಇಟ್ಟಿಗೆ ಹಾಗೇ ಕಾಣಲಿ" ಎಂದಳು.

"ಅಲ್ಲಮ್ಮಾ, ಗೃಹಪ್ರವೇಶಕ್ಕೆ ಬಂದ ನೆಂಟರು ದುಡ್ಡು ಸಾಲಲಿಲ್ಲ ಅಂದ್ಕೊಳ್ಳಲ್ವೇ?"

ತಂದೆಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಜೀವಮಾನದ ಉಳಿತಾಯ, ಮೇಲೆ ಬ್ಯಾಂಕಿನ ಸಾಲ. ವಾರವಿಡೀ ಚರ್ಚೆ ನಡೆದು, ಕೊನೆಗೆ ಹಿತ್ತಿಲ ಉಗ್ರಾಣದ ಕೋಣೆಯೊಂದನ್ನು ಮಗಳ ಪಾಲಿಗೆ ಬಿಟ್ಟರು. ಮೇಸ್ತ್ರಿ ಅವಳ ಚಿತ್ರವನ್ನು ಎರಡು ಸಲ ತಿರುಗಿಸಿ ನೋಡಿದ. ಮೊದಲ ಎರಡು ವರಸೆ ಸೊಟ್ಟಗಾಯಿತು, ಕೆಡವಿಸಿದಳು. ಮೂರನೆಯ ದಿನ ತೂಕದ ಗುಂಡು ಬಿಟ್ಟು ನೋಡಿದ ತಂದೆ, ಉಳಿದ ಇಟ್ಟಿಗೆಗಳನ್ನು ತಾವೇ ಎಣಿಸತೊಡಗಿದರು.