ಗಾಲಿಯ ಮೇಲೊಂದು ಅಡುಗೆಮನೆ

ಮೈಸೂರಿಗೆ ಪ್ರವಾಸ ಬರುವ ಶಾಲಾ ಮಕ್ಕಳು ಅರಮನೆ, ಮೃಗಾಲಯ ನೋಡಿ ಬಸ್ಸು ಹತ್ತಿಬಿಡುವುದೇ ಹೆಚ್ಚು. ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಿಂದ ಇರುವ ರೈಲ್ವೆ ವಸ್ತುಸಂಗ್ರಹಾಲಯ ತಪ್ಪಿಹೋಗುತ್ತದೆ. ಉಗಿ ಎಂಜಿನ್‌ಗಳ ಸುತ್ತ ಮಕ್ಕಳು ಓಡಾಡಿ ದಣಿದ ಮೇಲೆ ತಂದೆ ತಾಯಿ ಅವರನ್ನು ಮಹಾರಾಣಿಯವರ ಸಲೂನ್ ಗಾಡಿಯತ್ತ ಕರೆದೊಯ್ಯಬೇಕು.

ಇದು 1899ರದು. ಆಗ ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ನಡೆಸುತ್ತಿದ್ದವರು ತಾಯಿ ವಾಣಿವಿಲಾಸ ಸನ್ನಿಧಾನ. ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲವೂ ಗಾಡಿಯಲ್ಲಿವೆ. ಆದರೆ ಬೆಂಗಳೂರು-ಮೈಸೂರು ಹಳಿಗಳ ನಡುವೆ ಅಂದು ಇದ್ದ ಅಂತರ ಒಂದೇ ಮೀಟರು! ರಾಣಿಯೇ ಆದರೂ ಗಾಡಿಯ ಅಗಲ ಹಿಗ್ಗದು. ಕೋಣೆಗಳು ಒಂದರ ಹಿಂದೊಂದು ಸಾಲಾಗಿ ಕೂಡಬೇಕು. ಹಾಯಿದೋಣಿಯಲ್ಲೇ ಸಂಸಾರ ಹೂಡುವವರ ಲೆಕ್ಕವೂ ಇದೇ. ಒಲೆ, ಹಾಸಿಗೆ, ನೀರಿನ ತೊಟ್ಟಿ ಕಿರಿದಾದ ಒಡಲಿನಲ್ಲಿ ಹೊಂದಬೇಕು, ಕುಲುಕಿದರೆ ಸಾರು ಚೆಲ್ಲಬಾರದು.

ಮಹಾರಾಜರ ಸಲೂನ್ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ತೇಗದ ಮರ, ಚಿನ್ನ, ದಂತದ ಕೆಲಸ ಅದರದು. ನೋಡಲು ಅದು ಚೆಂದ. ಕಲಿಯಲು ಮೈಸೂರಿನ ಅಡುಗೆಮನೆಯೇ ಮೇಲು.

ಇನ್ನು ಶೌಚಾಲಯ. ಆ ಕಾಲದಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರಿಗೆ ಸಾಮಾನ್ಯವಾಗಿ ಗಾಡಿಯೊಳಗೆ ಆ ಅನುಕೂಲ ಇರಲಿಲ್ಲ. ನಿಲ್ದಾಣದಲ್ಲಿ ಚೊಂಬು ಹಿಡಿದು ಇಳಿಯಬೇಕು, ಗಾರ್ಡ್ ಸೀಟಿ ಊದಿದರೆ ಓಡಬೇಕು. ಹೀಗೆ ಓಡಿಯೂ ರೈಲು ತಪ್ಪಿಸಿಕೊಂಡ ಬಂಗಾಳದ ಓಖಿಲ್ ಚಂದ್ರ ಸೇನ್ 1909ರಲ್ಲಿ ಬರೆದರೆನ್ನಲಾದ ದೂರಿನ ಪತ್ರ ದೆಹಲಿಯ ಅದೇ ವಸ್ತುಸಂಗ್ರಹಾಲಯದಲ್ಲಿ ಪ್ರಸಿದ್ಧ.