ಹೊರಡದ ಮೋಟಾರು

ಮುಖ್ಯೋಪಾಧ್ಯಾಯಿನಿಯರ ಲೇಖನವೆಂದರೆ ಅದು ಶೀಲ, ಶಿಸ್ತು, ಶ್ರದ್ಧೆ ಇವುಗಳನ್ನು ಕುರಿತದ್ದಾಗಿರಬೇಕೆಂದು ನಮ್ಮ ವಾಚಕರು ನಿರೀಕ್ಷಿಸುವುದು ಸಹಜವೇ. ಈ ಸಾರಿ ನಾವು ಬರೆಯಲು ತೊಡಗಿರುವುದಾದರೋ ಹೊರಡದೆ ನಿಂತ ಮೋಟಾರು ಗಾಡಿಯನ್ನು ಕುರಿತು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಇದು ತಕ್ಕ ವಿಷಯವೋ ಎಂದು ಕೆಲವರು ಹುಬ್ಬೇರಿಸಬಹುದು. ತಕ್ಕದ್ದೆಂದೇ ನಮ್ಮ ಅಭಿಪ್ರಾಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ತಾವೇ ಗಾಡಿ ನಡೆಸಿಕೊಂಡು ಆಸ್ಪತ್ರೆಗೂ ಶಾಲೆಗೂ ಕಚೇರಿಗೂ ಹೋಗುತ್ತಿರುವರು. ನಡೆಸಲು ಕಲಿಸಿದವರು ಉಂಟು. ನಿಂತಾಗ ಏನು ಮಾಡಬೇಕೆಂದು ಕಲಿಸಿದವರು ಮಾತ್ರ ವಿರಳ.

ಪೆಟ್ರೋಲಿನಿಂದ ನಡೆಯುವ ಎಂಜಿನಿಗೆ ಜೀವ ಬರಬೇಕಾದರೆ ನಾಲ್ಕು ಸಂಗತಿಗಳು ಕೂಡಿಬರಬೇಕು. ಮೊದಲನೆಯದು, ಹೊರಗಿನ ಬಲವೊಂದು ಅದನ್ನು ತಿರುಗಿಸಬೇಕು. ಯಾಕಂದರೆ ನಿಂತ ಎಂಜಿನು ತನ್ನನ್ನು ತಾನೇ ತಿರುಗಿಸಿಕೊಳ್ಳಲಾರದು. ಎರಡನೆಯದು, ಗಾಳಿಯೂ ಪೆಟ್ರೋಲೂ ತಕ್ಕ ಪ್ರಮಾಣದಲ್ಲಿ ಬೆರೆತು ಸಿಲಿಂಡರನ್ನು ಸೇರಬೇಕು. ಮೂರನೆಯದು, ಆ ಮಿಶ್ರಣವನ್ನು ಪಿಸ್ಟನ್ನು ಬಲವಾಗಿ ಒತ್ತಬೇಕು. ನಾಲ್ಕನೆಯದು, ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹಾರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಗಾಡಿ ಹೊರಡದು. ಆದುದರಿಂದ ಹೊರಡದ ಮೋಟಾರಿನ ಮುಂದೆ ನಿಂತವರು ಈ ನಾಲ್ಕರಲ್ಲಿ ಯಾವುದು ಬಂದಿಲ್ಲವೆಂದು ಒಂದೊಂದಾಗಿ ವಿಚಾರಿಸತಕ್ಕದ್ದು. ವಿಚಾರಿಸುವ ಕ್ರಮ ಗೊತ್ತಿದ್ದವರಿಗೆ ಅರ್ಧ ಭಯ ಅಲ್ಲಿಯೇ ಇಳಿಯುವುದು.

ಮೋಟಾರಿನ ವಿದ್ಯೆ ಗಂಡಸರದೆಂದು ಹೇಳುವವರಿಗೆ ಒಂದು ಚರಿತ್ರೆಯನ್ನು ನೆನಪಿಸಬೇಕಾಗಿದೆ. ಜರ್ಮನಿಯ ಕಾರ್ಲ್ ಬೆಂಜ್ ಎಂಬವರು 1886ನೆಯ ಇಸವಿಯಲ್ಲಿ ತಮ್ಮ ಮೋಟಾರು ಬಂಡಿಗೆ ಪೇಟೆಂಟು ಪಡೆದರು. ಆದರೆ ಅದು ದೂರ ಪ್ರಯಾಣಕ್ಕೆ ಒದಗುವುದೆಂದು ಲೋಕಕ್ಕೆ ತೋರಿಸಿಕೊಟ್ಟವರು ಅವರ ಪತ್ನಿ ಬರ್ಥಾ ಬೆಂಜ್. 1888ನೆಯ ಆಗಸ್ಟಿನಲ್ಲಿ ಆಕೆ ಗಂಡನಿಗೆ ತಿಳಿಸದೆ, ಓಯ್ಗೆನ್, ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತನ್ನ ತವರಿಗೆ ಸುಮಾರು 100 ಕಿಲೋಮೀಟರು ದೂರವನ್ನು ಆ ಬಂಡಿಯಲ್ಲಿಯೇ ಕ್ರಮಿಸಿದರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಆಕೆ ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದರು. ಕಿಡಿಯ ತಂತಿಯ ಹೊದಿಕೆ ಸವೆದಿತ್ತು. ಕಾಲುಚೀಲ ಕಟ್ಟುವ ಪಟ್ಟಿಯನ್ನು ಅದಕ್ಕೆ ಸುತ್ತಿದರು. ಇಂಧನ ತೀರಲು ವೀಸ್ಲೋಖ್ ಎಂಬಲ್ಲಿಯ ಔಷಧದಂಗಡಿಯಿಂದ ಕೊಂಡು ತುಂಬಿಸಿದರು. ಗ್ಯಾರೇಜೆಂಬುದೇ ಹುಟ್ಟದಿದ್ದ ಕಾಲದಲ್ಲಿ ದಾರಿಯ ಮೇಲೆ ಮೋಟಾರನ್ನು ದುರಸ್ತಿ ಮಾಡಿದವರಲ್ಲಿ ಮೊದಲಿಗರು ಒಬ್ಬ ಗೃಹಿಣಿ ಎಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕು.

ಮುಂದೆ ಬಹುಕಾಲ ಎಂಜಿನನ್ನು ಕೈಯಿಂದ ಹ್ಯಾಂಡಲ್ ಹೊಡೆದೇ ತಿರುಗಿಸಬೇಕಾಗಿತ್ತು. ಹ್ಯಾಂಡಲು ಒಮ್ಮೊಮ್ಮೆ ಹಿಂದಕ್ಕೆ ಬಡಿದು ಮಣಿಕಟ್ಟು ಮುರಿದವರು ಅನೇಕರು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ಎಂಬವರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ನೆಯ ವರ್ಷದ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದ ಮೇಲೆ ಈ ಕಷ್ಟ ಕ್ರಮೇಣ ನೀಗಿತು. ತೋಳಿನ ಬಲವಿಲ್ಲದವರೂ ಗಾಡಿಯನ್ನು ಹೊರಡಿಸುವಂತಾಯಿತು. ನಮ್ಮ ಕಡೆಯ ಮೆಕ್ಯಾನಿಕರು ‘ಸೆಲ್ಫ್’ ಎಂದು ಕರೆಯುವುದು ಇದನ್ನೇ.

ಹೊರಡದ ಗಾಡಿಯ ಪರೀಕ್ಷೆ ಕಿವಿಯಿಂದ ಆರಂಭವಾಗಬೇಕು. ಬೀಗದ ಕೈ ತಿರುಗಿಸಿದಾಗ ಏನು ಕೇಳಿಸಿತು? ಯಾವ ಸದ್ದೂ ಇಲ್ಲದೆ ದೀಪಗಳೂ ಹತ್ತದಿದ್ದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ಸಂಪರ್ಕ ತಪ್ಪಿದೆ. ‘ಟಕ ಟಕ ಟಕ’ ಎಂದು ಬೇಗಬೇಗನೆ ಸದ್ದಾದರೆ ಬ್ಯಾಟರಿಯಲ್ಲಿ ಅಲ್ಪ ಶಕ್ತಿ ಇದೆ, ಎಂಜಿನನ್ನು ತಿರುಗಿಸುವಷ್ಟು ಇಲ್ಲ. ದೀಪಗಳು ಮಂಕಾಗದೆ ಒಂದೇ ಸಾರಿ ‘ಟಕ್’ ಎಂದು ಸುಮ್ಮನಾದರೆ ಸಂಶಯ ಸೆಲ್ಫಿನ ಮೇಲೆ ಹೋಗುವುದು. ಎಂಜಿನು ಎಂದಿನಂತೆ ಗಿರಗಿರನೆ ತಿರುಗಿಯೂ ಹತ್ತದಿದ್ದರೆ ಬ್ಯಾಟರಿಯನ್ನೂ ಸೆಲ್ಫನ್ನೂ ದೂರಬೇಕಾಗಿಲ್ಲ. ಕೊರತೆ ಪೆಟ್ರೋಲಿನದು ಅಥವಾ ಕಿಡಿಯದು. ಹೀಗೆ ಗಾಡಿ ತನ್ನ ವ್ಯಾಧಿಯನ್ನು ತಾನೇ ಹೇಳಿಕೊಳ್ಳುವುದು. ಕೇಳುವ ತಾಳ್ಮೆ ಮಾತ್ರ ನಮ್ಮದಾಗಬೇಕು.

ಕೆಲವು ವರ್ಷಗಳ ಹಿಂದೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಂದು ಬೆಳಿಗ್ಗೆ, ನಮ್ಮ ವಸತಿಗೃಹದ ಎಂಟು ಮಂದಿ ಹುಡುಗಿಯರನ್ನು ಊರಾಚೆಯ ಕೇಂದ್ರಕ್ಕೆ ಒಯ್ಯಬೇಕಾಗಿದ್ದ ಬಾಡಿಗೆ ಮೋಟಾರು ನಮ್ಮ ಗೇಟಿನ ಬಳಿಯಲ್ಲಿಯೇ ನಿಂತುಬಿಟ್ಟಿತು. ಪರೀಕ್ಷೆಗೆ ಉಳಿದಿದ್ದುದು ಒಂದು ಗಂಟೆ. ಡ್ರೈವರು ಬೀಗದ ಕೈಯನ್ನು ತಿರುಗಿಸುತ್ತಲೇ ಇದ್ದರು. ದಾರಿಹೋಕರು ನೆರೆದರು. ತಳ್ಳಿರೆಂದು ಒಬ್ಬರು, ಪೆಟ್ರೋಲು ನೋಡಿರೆಂದು ಒಬ್ಬರು, ಹೊಸ ಬ್ಯಾಟರಿ ತರಿಸಿರೆಂದು ಮತ್ತೊಬ್ಬರು. ಹುಡುಗಿಯರಲ್ಲಿ ಇಬ್ಬರು ಅಳತೊಡಗಿದ್ದರು. ಆಗ ಅವರಲ್ಲೊಬ್ಬಳು ನಮ್ಮ ಬಳಿಗೆ ಬಂದು, “ಟೀಚರ್, ಅಣ್ಣ ಬೀಗದ ಕೈ ತಿರುಗಿಸಿದಾಗಲೆಲ್ಲ ಮುಂದಿನ ಲೈಟು ಪೂರ್ತಿ ಆರುತ್ತದೆ. ಬಿಟ್ಟ ಕೂಡಲೆ ಮೊದಲಿನಷ್ಟೇ ಚೆನ್ನಾಗಿ ಉರಿಯುತ್ತದೆ. ಬ್ಯಾಟರಿ ಸತ್ತಿದ್ದರೆ ಹೀಗೆ ಉರಿಯುವುದೇ?” ಎಂದು ಮೆಲ್ಲನೆ ಕೇಳಿದಳು. ನಾವು ಆ ಮಾತನ್ನು ಡ್ರೈವರಿಗೆ ತಿಳಿಸಿದೆವು. ಅವರು ಬಾನೆಟ್ಟು ಎತ್ತಿ ನೋಡಲಾಗಿ, ಬ್ಯಾಟರಿಯ ಒಂದು ಟರ್ಮಿನಲ್ಲಿನ ಮೇಲೆ ಬೂಷ್ಟು ಹಿಡಿದಂತೆ ಹಸುರು ಬಿಳುಪಿನ ಪುಡಿ ಕಟ್ಟಿತ್ತು; ಹಿಡಿಕೆ ಬೆರಳಿನಿಂದಲೇ ಅಲುಗುತ್ತಿತ್ತು. ಅದನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಸ್ಪ್ಯಾನರಿನಿಂದ ಬಿಗಿಮಾಡಿದರು. ಗಾಡಿ ಮೊದಲನೆಯ ತಿರುವಿಗೇ ಹೊರಟಿತು. ಎಂಟು ಮಂದಿಯೂ ಹೊತ್ತಿಗೆ ಸರಿಯಾಗಿ ಕೇಂದ್ರವನ್ನು ಮುಟ್ಟಿದರು.

ಆ ಹುಡುಗಿ ವಿಜ್ಞಾನದಲ್ಲಿ ತರಗತಿಗೆ ಮೊದಲಿಗಳೇನೂ ಅಲ್ಲ. ಅವಳ ತಂದೆ ಬಾಡಿಗೆ ಟ್ರಾಕ್ಟರು ನಡೆಸುವವರು. ಅವರು ರಿಪೇರಿಗೆ ಕುಳಿತಾಗ ಮಗಳನ್ನು ಒಳಗೆ ಹೋಗೆನ್ನದೆ ಪಕ್ಕದಲ್ಲಿ ನಿಲ್ಲಗೊಟ್ಟಿದ್ದರು. ಅವಳ ಶಿಕ್ಷಣ ಅಷ್ಟೇ.

ಅವಳು ಕಂಡ ವಿಚಿತ್ರಕ್ಕೆ ಕಾರಣ ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠದಲ್ಲಿಯೇ ಇದೆ. ಗಾಡಿಯ ಬ್ಯಾಟರಿ ತುಂಬಿರುವಾಗ ಸುಮಾರು 12.6 ವೋಲ್ಟು ತೋರಿಸುವುದು, 12.2ಕ್ಕೆ ಇಳಿದರೆ ಅರ್ಧ ಖಾಲಿಯೆಂದು ತಿಳಿಯಬೇಕು. ಸೆಲ್ಫು ಒಂದು ಸಣ್ಣ ಎಂಜಿನನ್ನು ತಿರುಗಿಸುವಾಗ 150 ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯಬಲ್ಲದು. ಟರ್ಮಿನಲ್ಲಿನ ಕೊಳೆಯಿಂದ ಅಲ್ಲಿ ಕೇವಲ 0.04 ಓಮಿನ ರೋಧ ಉಂಟಾಯಿತೆನ್ನಿ. 150 ಆಂಪಿಯರನ್ನು ಅದರ ಮೂಲಕ ದಾಟಿಸಲು 6 ವೋಲ್ಟು ಬೇಕು. ಅಂದರೆ ಬ್ಯಾಟರಿಯ ಅರ್ಧ ಬಲ ಆ ಪುಡಿಯಲ್ಲಿಯೇ ನಷ್ಟ. ದೀಪಗಳು 10 ಆಂಪಿಯರನ್ನು ಎಳೆದರೆ ನಷ್ಟವಾಗುವುದು 0.4 ವೋಲ್ಟು ಮಾತ್ರ. ಆದುದರಿಂದಲೇ ದೀಪ ಉರಿಯುವುದು, ಹಾರನ್ನು ಕೂಗುವುದು, ಗಾಡಿ ಮಾತ್ರ ಹೊರಡದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಓಮನ ನಿಯಮ ಗೇಟಿನ ಬಳಿಯಲ್ಲಿ ಪ್ರತ್ಯಕ್ಷವಾಗಿ ನಿಂತಿತ್ತು.

ಎಂಜಿನು ತಿರುಗಿಯೂ ಹತ್ತದಿದ್ದಾಗ ಮೊದಲು ಪೆಟ್ರೋಲಿನ ಮುಳ್ಳನ್ನು ನೋಡಬೇಕು, ಇದಕ್ಕೆ ನಾಚಬೇಕಾಗಿಲ್ಲ. ಆ ಮೇಲೆ ಬೀಗದ ಕೈಯನ್ನು ಪೂರ್ತಿ ತಿರುಗಿಸದೆ ಒಂದು ಹಂತದಲ್ಲಿ ನಿಲ್ಲಿಸಿ ಕಿವಿಗೊಟ್ಟರೆ, ಈಗಿನ ಅನೇಕ ಪೆಟ್ರೋಲು ಗಾಡಿಗಳಲ್ಲಿ ಹಿಂದಿನ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ಪಂಪಿನ ಗುಂಯ್‌ಗುಟ್ಟುವಿಕೆ ಕೇಳಿಸುವುದು. ಎಂದೂ ಕೇಳಿಸುತ್ತಿದ್ದುದು ಇಂದು ಕೇಳಿಸದಿದ್ದರೆ ಫ್ಯೂಸನ್ನೋ ಪಂಪನ್ನೋ ಪರೀಕ್ಷಿಸಬೇಕು. ಬೀಗದ ಕೈಯ ಚಿತ್ರವುಳ್ಳ ದೀಪವೊಂದು ಎದುರಿನ ಫಲಕದಲ್ಲಿ ಮಿಣುಕುತ್ತಲೇ ಇದ್ದರೆ, ಕಳ್ಳರಿಗೆ ಅಡ್ಡಿಯಾಗಲೆಂದು ಇಟ್ಟ ಯಂತ್ರ ನಿಮ್ಮ ಬೀಗದ ಕೈಯನ್ನು ಗುರುತಿಸಿಲ್ಲವೆಂದು ಅರ್ಥ; ಇನ್ನೊಂದು ಬೀಗದ ಕೈ ಇದ್ದರೆ ಅದರಿಂದ ಪ್ರಯತ್ನಿಸಬೇಕು. ಡೀಸೆಲ್ ಎಂಜಿನಿಗೆ ಕಿಡಿ ಬೇಕಿಲ್ಲ. ಒತ್ತಲ್ಪಟ್ಟ ಗಾಳಿಯ ಶಾಖದಿಂದಲೇ ಅಲ್ಲಿ ಇಂಧನ ಹೊತ್ತಿಕೊಳ್ಳುವುದು. ಆದುದರಿಂದ ಚಳಿಯ ಬೆಳಿಗ್ಗೆ ಸುರುಳಿಯ ಚಿತ್ರದ ದೀಪ ಆರುವ ತನಕ ಕಾದು ಹೊರಡಿಸತಕ್ಕದ್ದು. ವಿದ್ಯುತ್ತಿನಿಂದಲೇ ನಡೆಯುವ ಹೊಸ ಗಾಡಿಗಳಲ್ಲಿಯೂ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದಿದ್ದು, ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎಚ್ಚರಗೊಳ್ಳದು.

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುವೆ ಅದಕ್ಕೆ ಆರಲು ಬಿಡುವು ಕೊಡಬೇಕು. ಬ್ಯಾಟರಿಯನ್ನು ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಇನ್ನೊಂದು ಗಾಡಿಯಿಂದ ಶಕ್ತಿ ಪಡೆಯುವಾಗ ಕೆಂಪು ತಂತಿ ಎರಡು ಬ್ಯಾಟರಿಗಳ ಧನ ತುದಿಗಳಿಗೆ. ಕಪ್ಪು ತಂತಿಯ ಒಂದು ಕೊನೆ ಒಳ್ಳೆಯ ಬ್ಯಾಟರಿಯ ಋಣ ತುದಿಗೆ, ಮತ್ತೊಂದು ಕೊನೆ ನಿಂತ ಗಾಡಿಯ ಎಂಜಿನಿನ ಬರಿಯ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಅದರ ಬಳಿ ಕಿಡಿ ಹಾರಿದರೆ ಸ್ಫೋಟದ ಭಯವುಂಟು. ತಳ್ಳಿ ಹೊರಡಿಸುವ ಉಪಾಯ ಕೈಯಿಂದ ಗೇರು ಬದಲಿಸುವ ಗಾಡಿಗಳಿಗೆ ಮಾತ್ರ.

ಆ ಪರೀಕ್ಷೆಯ ವರ್ಷದ ನಂತರ ನಾವು ಹತ್ತನೆಯ ತರಗತಿಯವರಿಗೆ ವರ್ಷದಲ್ಲಿ ಎರಡು ಶನಿವಾರ ಬಾನೆಟ್ಟು ಎತ್ತಿ ತೋರಿಸುವ ಪದ್ಧತಿಯನ್ನು ಆರಂಭಿಸಿದೆವು. ಪೋಷಕರೊಬ್ಬರು ಬಂದು, “ನಮ್ಮ ಮಗಳು ಮೆಕ್ಯಾನಿಕ್ ಆಗಬೇಕೇನಮ್ಮಾ?” ಎಂದು ಬೇಸರದಿಂದಲೇ ಕೇಳಿದರು. ಆಗಬಯಸಿದರೆ ಆಗಲಿ, ಅದೂ ಮರ್ಯಾದೆಯ ಉದ್ಯೋಗವೇ ಎಂದು ಉತ್ತರ ಕೊಟ್ಟೆವು. ಅವರು ಒಪ್ಪಿ ಹೋದರೆಂದು ಹೇಳಲಾರೆವು.

ಅವರಿಗೆ ನಮಗಿಂತ ಒಳ್ಳೆಯ ಉತ್ತರವನ್ನು ಕೊಟ್ಟದ್ದು ದಾದಿಯಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದಾಗ ಅವಳ ಗಾಡಿ ಹೊರಡಲಿಲ್ಲವಂತೆ. ಆವರಣದಲ್ಲಿ ಬೇರೆ ಹೆಂಗಸರಿರಲಿಲ್ಲ. ಪರಿಚಯವಿಲ್ಲದ ಒಬ್ಬಾತ ತನ್ನ ಗಾಡಿಯಲ್ಲಿ ಬಿಡುವೆನೆಂದು ಎರಡು ಸಾರಿ ಹೇಳಿ, ಮೂರನೆಯ ಸಾರಿ ಬಾಗಿಲ ಹಿಡಿಗೇ ಕೈಯಿಟ್ಟನಂತೆ. ಅವಳು ಗಾಜನ್ನು ಏರಿಸಿ, ಬಾಗಿಲು ಭದ್ರಪಡಿಸಿ, ಶಾಲೆಯಲ್ಲಿ ಕಲಿತ ಕ್ರಮವನ್ನು ಮನಸ್ಸಿನಲ್ಲಿ ಹೇಳಿಕೊಂಡಳು. ಸದ್ದು ಇಲ್ಲ. ದೀಪ ಇದೆ, ಮಂಕಾಗುತ್ತಿಲ್ಲ. ಹಾಗಾದರೆ ಬ್ಯಾಟರಿ ಕೆಟ್ಟಿಲ್ಲ. ಸೆಲ್ಫಿಗೆ ಅಪ್ಪಣೆಯೇ ಹೋಗಿಲ್ಲ. ಅವಳದು ತಾನಾಗಿ ಗೇರು ಬದಲಿಸುವ ಗಾಡಿ. ಗೇರಿನ ಹಿಡಿ ನಿಲುಗಡೆಯ ಗುರುತಿಗೆ ಪೂರ್ತಿ ಬಂದಿರಲಿಲ್ಲ. ಹಾಗಿರುವಾಗ ಸೆಲ್ಫು ತಿರುಗದಂತೆ ಅಂಥ ಗಾಡಿಗಳಲ್ಲಿ ಏರ್ಪಾಡು ಇರುವುದು. ಹಿಡಿಯನ್ನು ಮುಂದಕ್ಕೆ ನೂಕಿ ಹೊರಡಿಸಿ ಮನೆ ಸೇರಿದೆನೆಂದು ಬರೆದಿದ್ದಳು. ಅವಳು ಆ ರಾತ್ರಿ ಮಾಡಿದ ದುರಸ್ತಿ ಎರಡು ಅಂಗುಲದ್ದು. ಅದಕ್ಕೆ ಬೇಕಾದದ್ದು ಗಾಬರಿಯ ನಡುವೆ ಒಂದರ ನಂತರ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವ ಅಭ್ಯಾಸ.

ಮೋಟಾರಿನ ವಿಷಯದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದ ಬಂದ ಜ್ಞಾನವೇನೂ ಇಲ್ಲ. ಚಿಕ್ಕಂದಿನಿಂದ ಅವರನ್ನು ಗಾಡಿಯ ಹತ್ತಿರಕ್ಕೆ ಕರೆದು ನಿಲ್ಲಿಸುತ್ತೇವೆ, ಹೆಣ್ಣುಮಕ್ಕಳನ್ನು ಕೈ ಕೊಳೆಯಾಗುವುದೆಂದು ದೂರ ಕಳುಹಿಸುತ್ತೇವೆ. ಕೊಳೆಯಾದ ಕೈಯನ್ನು ಸಾಬೂನಿನಿಂದ ತೊಳೆಯಬಹುದು. ಮೋಟಾರಿನ ಕೆಲಸ ಬಲ್ಲ ಹಳೆಯ ವಿದ್ಯಾರ್ಥಿನಿಯರು ನಮ್ಮ ಶನಿವಾರಗಳಿಗೆ ಬಂದು ಈಗಿನವರಿಗೆ ತೋರಿಸಿಕೊಡಬೇಕೆಂದು ಕೋರುತ್ತೇವೆ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹ ಇನ್ನೂ ಚಿಕ್ಕದು. ಮುಂದಿನ ಸಾರಿ ನಿಮ್ಮ ಮನೆಯ ಗಾಡಿ ಹೊರಡದೆ ನಿಂತಾಗ ಟಾರ್ಚು ಹಿಡಿಯಲು ಮಗಳನ್ನು ಕರೆಯಿರಿ. ಬೆಳಕನ್ನು ಎಲ್ಲಿ ಬಿಡಬೇಕೆಂದು ಮೊದಲು ಅವಳನ್ನೇ ಕೇಳಿರಿ.